ಹೊಂಗೆ ಮರಕ್ಕೆ ಕುಂಕುಮ

ನೆರಳು ಕಂಡರೆ ನನ್ನ ಬುದ್ಧಿ ಮಂಕಾಗುತ್ತದೆ. ತೊಂಬತ್ತರ ದಶಕದಲ್ಲಿ ಎನ್.ಆರ್. ಕಾಲೋನಿಯ ಬಾಡಿಗೆ ಮನೆಯೊಂದನ್ನು ನಾನು ಒಪ್ಪಿಕೊಂಡದ್ದೇ ಗೇಟಿನ ಮುಂದಿನ ಹೊಂಗೆ ಮರಕ್ಕಾಗಿ. ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಹೆಂಡತಿ ವಿಚಾರಿಸುತ್ತಿದ್ದರೆ, ನಾನು ಅದರಡಿ ಕಣ್ಣು ಮುಚ್ಚಿ ನಿಂತಿದ್ದೆ. ಭಾನುವಾರ ಮಧ್ಯಾಹ್ನ ವರಾಂಡದಲ್ಲಿ ಒರಗಿದರೆ, ಎಲೆಗಳಿಂದ ಸೋಸಿ ಬಂದ ಬಿಸಿಲು ಎದೆಯ ಮೇಲಿನ ಪತ್ರಿಕೆಯಲ್ಲಿ ಮೀನಿನ ಮರಿಗಳಂತೆ ಓಡಾಡುತ್ತಿತ್ತು. ಆ ಎಲೆಗಳ ನಡುವೆಯೇ ವಿದ್ಯುತ್ ತಂತಿಗಳೂ ಹಾದುಹೋಗಿದ್ದವು. ನಾನು ಭೌತಶಾಸ್ತ್ರದ ಪದವೀಧರ. ಆದರೂ ಅವು ಗಿಳಿಗಳಿಗೆಂದು ಯಾರೋ ಕಟ್ಟಿದ ಹಗ್ಗದಂತೆ ಕಾಣುತ್ತಿದ್ದವು.

ಪ್ರತಿ ಬೇಸಿಗೆಗೆ ಮುಂಚೆ ಲೈನ್‌ಮನ್ ಸಿದ್ದಪ್ಪ ಮಚ್ಚು ಹಿಡಿದು ಬರುತ್ತಿದ್ದ. "ಕೊಂಬೆ ತಂತಿಗೆ ತಾಗ್ತಿದೆ ಸಾರ್. ಕೆಳಗೆ ತರಗೆಲೆ ರಾಶಿ ಬೇರೆ. ಒಂದು ಕಿಡಿ ಬಿದ್ರೆ ಸಾಕು." ನಾನು, "ಹೂ ಬಿಡೋ ಕಾಲ, ಈ ಸಲ ಬಿಟ್ಬಿಡಪ್ಪಾ" ಎಂದು ಕಾಫಿ ಕೊಟ್ಟು ಸಾಗಹಾಕುತ್ತಿದ್ದೆ. ಮೂರನೆಯ ವರ್ಷ ಅವನು ಲೋಟ ಕೆಳಗಿಟ್ಟು, "ನಿಮ್ ಕಾಫಿ ಕುಡ್ದು ಕುಡ್ದು ನನ್ ಕೆಲ್ಸ ಹೋಗುತ್ತೆ ಸಾರ್. ಸೋಮವಾರ ಬಂದು ಕಡೀತೀನಿ" ಎಂದ. ಭಾನುವಾರ ಬೆಳಿಗ್ಗೆ ಬೀದಿ ಏಳುವ ಮೊದಲೇ ನಾನು ಕಾಂಡಕ್ಕೆ ಅರಿಶಿನ ಬಳಿದು, ಕುಂಕುಮ ಇಟ್ಟು, ಬುಡದಲ್ಲಿ ಒಂದು ದುಂಡು ಕಲ್ಲನ್ನು ನಿಲ್ಲಿಸಿದೆ. ಸೋಮವಾರ ಸಿದ್ದಪ್ಪ ಬಂದವನೇ ಚಪ್ಪಲಿ ಬಿಟ್ಟು ಕೈಮುಗಿದ.

"ಸ್ವಾಮಿ ಯಾವಾಗ ಬಂದಿದ್ದು ಸಾರ್?"

"ನಿನ್ನೆ" ಎಂದೆ. ಅಷ್ಟು ಮಾತ್ರ ನಿಜ.

ಹೊಂಗೆ ಮರದಲ್ಲಿ ಯಾವ ದೇವರು ಎಂದು ಯಾರೂ ಕೇಳಲಿಲ್ಲ. ಎದುರುಮನೆಯ ಪದ್ದಮ್ಮ ಮಾತ್ರ ಮರುದಿನದಿಂದಲೇ ಪ್ರದಕ್ಷಿಣೆ ಶುರುಮಾಡಿದರು. ಯಜಮಾನರು ತರಗುಪೇಟೆಯ ಬೇಳೆ ಅಂಗಡಿಗೆ ಹೊರಟ ಮೇಲೆ, ಒದ್ದೆ ಕೂದಲ ತುದಿಗೆ ಗಂಟು ಹಾಕಿಕೊಂಡು, ಬರಿಗಾಲಲ್ಲಿ ಒಂಬತ್ತು ಸುತ್ತು. ಉದುರಿದ ತಿಳಿನೇರಳೆ ಹೂಗಳ ಮೇಲೆ ಅವರು ತೇಲಿದಂತೆ ನಡೆಯುವುದನ್ನು ನೋಡುತ್ತ, ನನ್ನ ಜಾಣತನದಿಂದ ಬೀದಿಗೇ ಕಳೆ ಬಂತಲ್ಲ ಎಂದು ನಾನು ಉಬ್ಬಿಹೋಗಿದ್ದೆ.

ಒಂದು ಬೆಳಿಗ್ಗೆ ಗಾಳಿ ಎದ್ದಿತು. ಪದ್ದಮ್ಮ ನಾಲ್ಕನೆಯ ಸುತ್ತಿನಲ್ಲಿದ್ದರು. ನನ್ನನ್ನು ಕಂಡು, "ತಿಂಡಿ ಆಯ್ತಾ?" ಎಂದು ಕೇಳಲು ನಿಂತರು. ಅದೇ ಕ್ಷಣ ಮೇಲೆ ನೀಲಿ ಬೆಳಕೊಂದು ಚಟಚಟಿಸಿ, ತಂತಿ ತುಂಡಾಗಿ, ಅವರು ಇಡಬೇಕಾಗಿದ್ದ ಮುಂದಿನ ಹೆಜ್ಜೆಯ ಜಾಗಕ್ಕೆ ಬಿತ್ತು. ತರಗೆಲೆ ಭಗ್ಗೆಂದಿತು. "ಅಲ್ಲೇ ನಿಲ್ಲಿ!" ಎಂದು ನಾನು ಕೂಗಿದೆನಂತೆ. ನನಗೆ ನೆನಪಿರುವುದು ಅವರ ಬರಿಯ ಪಾದ, ಅದರ ಬೆಳ್ಳಿ ಕಾಲುಂಗುರ, ಎರಡು ಅಡಿ ಆಚೆ ಹಾವಿನಂತೆ ಹೊರಳುತ್ತಿದ್ದ ತಂತಿ. ಯಾರೋ ಓಡಿಹೋಗಿ ಕರೆಂಟು ತೆಗೆಸಿದರು, ಆಮೇಲೆ ಬೀದಿಯವರು ನೀರು ಸುರಿದು ಬೆಂಕಿ ಆರಿಸಿದರು. ಇಂದಿಗೂ ಕಣ್ಣು ಮುಚ್ಚಿದರೆ ಆ ಪಾದ ಕಾಣುತ್ತದೆ. ಕೆಲವು ಸಲ ಅವರು ನಿಲ್ಲದೆ ನಡೆದುಬಿಡುತ್ತಾರೆ.

ಬೀದಿಯವರು ಸ್ವಾಮಿಯೇ ಕಾಪಾಡಿದ ಎಂದರು. ಸಿದ್ದಪ್ಪ ತಂತಿ ಜೋಡಿಸಿದ, ಕೊಂಬೆಗೆ ಮಾತ್ರ ಕೈ ಹಚ್ಚಲಿಲ್ಲ. "ಇಷ್ಟು ಸತ್ಯ ಇರೋ ಮರಾನ ನಾನು ಮುಟ್ಟಲ್ಲ ಸಾರ್." ಇನ್ನು ಬಾಯಿ ಬಿಡದೆ ದಾರಿಯಿರಲಿಲ್ಲ. ಅವನನ್ನೂ ಕರೆದುಕೊಂಡು ಪದ್ದಮ್ಮನವರ ಬಾಗಿಲಲ್ಲಿ ನಿಂತು, ಎಲ್ಲವನ್ನೂ ಒಪ್ಪಿಕೊಂಡೆ.

"ಗೊತ್ತು ಬಿಡಿ" ಎಂದರು ಪದ್ದಮ್ಮ. "ನೀವು ಕುಂಕುಮ ಇಡೋದನ್ನ ಕಿಟಕೀಲಿ ನೋಡ್ದೆ. ದೇವಸ್ಥಾನದ ಕಡೆ ತಲೆ ಹಾಕದ ಮನುಷ್ಯ ಮರಕ್ಕೆ ಕುಂಕುಮ ಇಡ್ತಿದಾರೆ ಅಂದ್ರೆ ಏನೋ ದೊಡ್ಡ ಕಷ್ಟಾನೇ ಇರ್ಬೇಕು, ಪಾಪ, ಅಂದ್ಕೊಂಡೆ. ನಿಮ್ ಹೆಸ್ರಲ್ಲೇ ನಲವತ್ತೆಂಟು ದಿನ ಹರಕೆ ಹೊತ್ತಿದೀನಿ. ಇನ್ನೂ ಏಳು ದಿನ ಬಾಕಿ ಇದೆ. ಸಿದ್ದಪ್ಪಾ, ಬೇಗ ಕಡಿಯಪ್ಪಾ, ಸುತ್ತು ಮುಗಿಸ್ಬೇಕು."

ಸಿದ್ದಪ್ಪ ನನ್ನ ಮುಖ ನೋಡದೆ ಮರ ಹತ್ತಿ, ತಂತಿಯಿಂದ ಒಂದಾಳುದ್ದ ದೂರಕ್ಕೆ ಎಲ್ಲವನ್ನೂ ಸವರಿದ. ತರಗೆಲೆಯನ್ನು ನಾನೇ ಗುಡಿಸಿದೆ. ಉಳಿದ ಏಳು ದಿನವೂ ಪದ್ದಮ್ಮನವರ ಹಿಂದೆ, ಕತ್ತು ಎತ್ತಿ ತಂತಿಗಳನ್ನೇ ನೋಡುತ್ತ, ನಾನೂ ಸುತ್ತಿದೆ. ಅದನ್ನು ಕಂಡ ಬೀದಿಯವರು, "ಏನು ಭಕ್ತಿ ನೋಡಿ, ಕಣ್ಣು ಆಕಾಶದಿಂದ ಕೆಳಕ್ಕೇ ಇಳಿಯಲ್ಲ" ಎಂದು ಮಾತಾಡಿಕೊಂಡರು. ನಾನು ತಿದ್ದಲು ಹೋಗಲಿಲ್ಲ.