ಕಾಕಾನನ್ನು ಬಲ್ಲ, ಮಾಮಾನನ್ನು ಅರಿಯದ ಯಂತ್ರಕ್ಕೆ

ಜಹೀರಾಬಾದಿನ ರಕ್ತ ತಪಾಸಣಾ ಕೇಂದ್ರದ ಎ.ಸಿ. ಕೋಣೆಯಲ್ಲಿ ತಣ್ಣಗೆ ವಿರಾಜಮಾನರಾಗಿರುವ ಮಾನ್ಯ ಯಂತ್ರ ಮಹಾಶಯರೇ,

ಮೊಗುಡಂಪಲ್ಲಿಯಿಂದ, ನಮ್ಮ ಕುರಿಗಳ ಸಮೇತ, ಸಕಲರ ನಮಸ್ಕಾರಗಳು. ಅರಬ್ ಮನೆತನಗಳ ವಂಶವಾಹಿಗಳನ್ನು ವರ್ಷಗಟ್ಟಲೆ ಓದಿ, ಯಾವ ಮದುವೆಯಿಂದ ಕೂಸಿಗೆ ಯಾವ ಕಾಯಿಲೆ ಬರಬಹುದೆಂದು ಪಂಡಿತರು ಕಂಡುಕೊಂಡದ್ದನ್ನೆಲ್ಲ ತಮಗೆ ಕಲಿಸಿದ್ದಾರೆಂದು ಕೇಳಿ, ಮಗಳು ಪೂರ್ಣಿಮಾಳನ್ನು ತಮ್ಮ ಸನ್ನಿಧಿಗೆ ಕರೆತಂದವನು ನಾನು. ವರ ನನ್ನ ಹೆಂಡತಿ ರಾಜೇಶ್ವರಿಯ ಒಡಹುಟ್ಟಿದ ತಮ್ಮ ಅನಿಲಕುಮಾರ. ಅಂದರೆ ಹುಡುಗಿಗೆ ಸ್ವಂತ ಸೋದರಮಾವ. ಚಿಕ್ಕಂದಿನಲ್ಲಿ ತನ್ನ ಮೂಗು ಒರೆಸಿದವನನ್ನು ಮದುವೆಯಾಗಲು ಅವಳಿಗೆ ಮನಸ್ಸಿಲ್ಲ. "ಸಂಬಂಧ ಉಳೀಬೇಕು" ಎಂದು ಹಟ ಹಿಡಿದ ನನ್ನ ಅತ್ತೆ ಮೋನಮ್ಮನವರ ಮುಂದೆ ನನಗೆ ನಾಲಿಗೆಯಿಲ್ಲ. ಆದ್ದರಿಂದ ಬೇಡವೆನ್ನುವ ಭಾರವನ್ನು ತಮ್ಮ ತಲೆಗೆ, ತಲೆಯಿದ್ದಲ್ಲಿ, ಹೊರಿಸಿದ್ದೆವು.

ತಾವು ಕೇಳಿದ್ದು ಒಂದೇ ಪ್ರಶ್ನೆ: ವರನು ನಿಮ್ಮ ಚಿಕ್ಕಪ್ಪನ ಅಥವಾ ದೊಡ್ಡಪ್ಪನ ಮಗನೇ? ಪಕ್ಕದಲ್ಲಿದ್ದ ಮೋನಮ್ಮನವರು ಕೆಂಡವಾದರು. "ಥೂ! ಏನ್ ಕೇಳ್ತದರೀ ಈ ಡಬ್ಬಿ? ಕಾಕಾನ ಮಗ ಅಂದ್ರ ಅಣ್ಣ ಆಗ್ತಾನ. ಅಣ್ಣಗ ಯಾರರ ಹೆಣ್ಣು ಕೊಡ್ತಾರೇನ್ರೀ?" ಅರಬರ ಮನೆಗಳಲ್ಲಿ ಕಾಕಾನ ಮಕ್ಕಳ ನಡುವೆ ಕೊಟ್ಟು ತರುವ ರೂಢಿಯುಂಟಂತೆ, ಅಲ್ಲಿಗೆ ತಮ್ಮ ಪ್ರಶ್ನೆ ಸರಿಯೇ, ನಮ್ಮಲ್ಲಾದರೋ ಕಾಕಾನ ಮಗ ರಾಖಿಗೆ, ತಾಯಿಯ ತಮ್ಮ ತಾಳಿಗೆ.

ಪೂರ್ಣಿಮಾ ಸತ್ಯವಂತೆ, "ಅಲ್ಲ" ಒತ್ತಿದಳು. ತಮ್ಮ ದೀಪ ಹಸಿರಾಯಿತು, ನಮ್ಮ ಉಸಿರೇ ಹೋಯಿತು. ರಕ್ತಸಂಬಂಧ ಇಲ್ಲ, ಅಪಾಯ ಕಡಿಮೆ, ಶುಭವಾಗಲಿ ಎಂದು ಚೀಟಿ ಕೊಟ್ಟಿರಿ. ಯಾವ ಕಾಕಾನ ಮಗನಿಗಿಂತಲೂ ಹತ್ತಿರದ ರಕ್ತವನ್ನು ಒಂದೇ ಗುಂಡಿಯಲ್ಲಿ ಪರರದಾಗಿಸಿದ ತಮ್ಮ ಜಾಣ್ಮೆಗೆ ಶರಣು. ಅತ್ತೆಯವರಂತೂ "ಅರಬರ ಮಷೀನೇ ಹ್ಞೂಂ ಅಂದದ" ಎಂದು ಬಸ್ಸಿನ ತುಂಬ ಸಾರುತ್ತ ಬಂದರು.

ಮನೆ ಮುಟ್ಟಿದ ಮೇಲೆ ಪೂರ್ಣಿಮಾ ಆ ಚೀಟಿಯನ್ನು ಅಜ್ಜಿಗೇ ಓದಿ ಹೇಳಿದಳು. "ಆಯಿ, ಸಂಬಂಧ ಉಳೀಲಿ ಅಂತ ಮಾಮಾಗ ಕೊಡ್ತೀನಿ ಅಂತಿದ್ದಿ. ನಿನ್ನ ಮಷೀನು ಸಂಬಂಧಾನೇ ಇಲ್ಲ ಅಂತದ. ಇಲ್ಲದ್ದು ಉಳಿಸಾಕ ನನ್ನ ಯಾಕ ಕೊಡ್ತಿ?"

ಚೀಟಿ ನಂಬಿದರೆ ಸಂಬಂಧವಿಲ್ಲ, ನಂಬದಿದ್ದರೆ ಶುಭವಿಲ್ಲ. ಅತ್ತೆಯವರು ಚೀಟಿ ಕಸಿದು ತಿರುವಿ ಮುರುವಿ ನೋಡಿದರು. ಕೊನೆಗೆ "ನಿಮ್ಮವ್ವನಂಗ ವಕೀಲಿ ಮಾಡ್ತಿ" ಎಂದು ನಕ್ಕು, ಅನಿಲಕುಮಾರನಿಗೆ ಕೊಹೀರ್ ಕಡೆ ಹೆಣ್ಣು ನೋಡಲು ಹೇಳಿಕಳಿಸಿದರು. ಕೇಳಿದ ಅನಿಲಕುಮಾರ ಅಂದೇ ಪೇಢೆ ಹಂಚಿದನೆಂದು ವರದಿ.

ಆದರೂ ಎಲ್ಲ ಮನೆಯಲ್ಲೂ ಪೂರ್ಣಿಮಾ ಇರುವುದಿಲ್ಲವಾದ್ದರಿಂದ, ತಾವು ಪರಿವಾರಸಮೇತ ನಮ್ಮಲ್ಲಿಗೆ ದಯಮಾಡಿಸಿ, ನಾಲ್ಕು ಮದುವೆಯೂಟ ಉಂಡು, ಯಾರು ಯಾರಿಗೆ ಏನಾಗಬೇಕೆಂದು ಅತ್ತೆಯವರಿಂದ ಪಾಠ ಹೇಳಿಸಿಕೊಳ್ಳಬೇಕಾಗಿ ವಿನಂತಿ. ಮಲಗಲು ಕುರಿದೊಡ್ಡಿಯಲ್ಲಿ ಜಾಗವಿದೆ, ಎ.ಸಿ. ಇಲ್ಲ, ಗಾಳಿ ಇದೆ.

ತಮ್ಮ ತಪ್ಪಿನಿಂದಲೇ ತಂಪಾಗಿರುವ,
ತಮ್ಮ ವಿಶ್ವಾಸಿ,
ಅಮೋಘಸಿದ್ದ

ಮರೆತ ಮಾತು: ನಾನೂ ರಾಜೇಶ್ವರಿಯೂ ಅತ್ತೆ-ಮಾವನ ಮಕ್ಕಳು. ನಮ್ಮಿಬ್ಬರಿಗೂ ಸಂಬಂಧವಿಲ್ಲವೆಂದು ಚೀಟಿ ಬರೆಯುವ ಹುಮ್ಮಸ್ಸು ತಮಗೆ ಬಂದಲ್ಲಿ, ದಯವಿಟ್ಟು ಮನೆಗೆ ಕಳಿಸಬೇಡಿ. ಮಗಳಿಗೆ ವಾದ ಕಲಿಸಿದವಳು ಅವಳೇ, ನನಗೆ ರೊಟ್ಟಿ ಬಡಿಯುವವಳೂ ಅವಳೇ.