ಸೋಫಾ ಏರಿದ ಗೋಣಿತಾಟಿಗೆ

ಮಾನ್ಯರೇ,

ಮೂಲೆಗೆ ಬಿದ್ದರೂ ಗೊಣಗದ, ಹೆಗಲೇರಿದರೂ ಬೀಗದ ಶ್ರೀ ಗೋಣಿತಾಟಿನವರ ಸಮ್ಮುಖಕ್ಕೆ, ಕೋಟು ಹೊಲಿದು ಹೊಟ್ಟೆ ಹೊರೆಯುವ ದರ್ಜಿಯೊಬ್ಬನ ಸವಿನಯ ವಂದನೆಗಳು. ತಮ್ಮ ದೇಹದ ಒರಟುತನ ಕಿಂಚಿತ್ತೂ ಕುಂದಿಲ್ಲವೆಂದು ನನ್ನ ಬೆನ್ನೇ ಸಾರಿ ಹೇಳುತ್ತಿರುವುದರಿಂದ ಕುಶಲ ವಿಚಾರಿಸುವ ಅಗತ್ಯ ಕಾಣಲಿಲ್ಲ.

ತಾವು ನಮ್ಮಲ್ಲಿಗೆ ಬಿಜಯಂಗೈಯಲು ಕಾರಣ ನನ್ನ ಹೆಂಡತಿಯ ಅಕ್ಕ. ಹಿಂದೊಮ್ಮೆ ಬಂದಾಗ ಅವರು ನಮ್ಮ ಮಾಸಿದ ಪರದೆ ನೋಡಿ, "ದರ್ಜಿ ಕೈ ಹಿಡಿದವಳ ಮನೇಲಿ ಪರದೆಗೂ ಗತಿ ಇಲ್ವೇನೇ?" ಎಂದುಬಿಟ್ಟರು. ಆ ಮಾತನ್ನು ನನ್ನವಳು ನುಂಗಿಕೊಂಡಳೇ ಹೊರತು ಅರಗಿಸಿಕೊಳ್ಳಲಿಲ್ಲ. ಮೊಬೈಲಿನಲ್ಲಿ ಹಳೇ ಸಾಮಾನಿನಿಂದ ಮನೆ, ಹಿತ್ತಲು ಸಿಂಗರಿಸುವ ಅದೇನೇನೋ ವಿಡಿಯೋ ನೋಡಿ ದಿನಸಿ ಅಂಗಡಿಯಿಂದ ತಮ್ಮನ್ನು ಹೊತ್ತು ತಂದಳು.

ಮೊದಮೊದಲು ತಾವು ಹಿತ್ತಲಲ್ಲಿ ಟೊಮೇಟೊ ಗಿಡಗಳ ಬುಡಕ್ಕೆ ಹಾಸಿಕೊಂಡು, ತೇವ ಹಿಡಿದಿಟ್ಟು, ಕಳೆ ತಲೆಯೆತ್ತದಂತೆ ಕಾದು, ಕೊನೆಗೆ ಮಣ್ಣಲ್ಲಿ ಮಣ್ಣಾಗುವ ತಪಸ್ವಿಯಂತೆ ಬಾಳಿದಿರಿ. ನಾನೂ ಮನಸಾರೆ ಹೊಗಳಿದೆ. ಹೊಗಳಿಕೆ ತಲೆಗೇರಿತೋ ಏನೋ, ತಾವು ಹೊಸ್ತಿಲು ದಾಟಿ ಪರದೆಯಾದಿರಿ, ದೀಪದ ಮುಸುಕಾದಿರಿ, ಕನ್ನಡಿಗೆ ಚೌಕಟ್ಟಾದಿರಿ, ಕಡೆಗೆ ಸೋಫಾ ಏರಿ ಕೂತಿರಿ. ಇಷ್ಟನ್ನೂ ಹೊಲಿದವನು ನಾನೇ. ನುಣುಪು ಉಣ್ಣೆಯನ್ನಷ್ಟೇ ಬಲ್ಲ ನನ್ನ ಮೆಷಿನ್ನು ತಮ್ಮ ಸಹವಾಸದಲ್ಲಿ ಸೂಜಿ ಮೇಲೆ ಸೂಜಿ ಮುರಿದುಕೊಂಡಿತು. ತಮ್ಮ ನಾರು ಅಂಟಿದ ಕೋಟು ತೊಟ್ಟು ವಾದ ಮಂಡಿಸಿದ ವಕೀಲರೊಬ್ಬರು ಕತ್ತು ಕೆರೆದುಕೊಂಡ ರಭಸ ನೋಡಿ, ಇವರಿಗೆ ತಮ್ಮ ವಾದದ ಮೇಲೇ ನಂಬಿಕೆಯಿಲ್ಲವೆಂದು ನ್ಯಾಯಾಧೀಶರು ತಿಳಿದರಂತೆ.

ಇಷ್ಟನ್ನೂ ಸಹಿಸಿಕೊಂಡೆ. ಆದರೆ ತಾವು ಹೊಲಿಗೆಯ ಸಂದಿನಲ್ಲಿ ಹಿಂದಿನ ಜನ್ಮದ ಗೋಧಿಕಾಳುಗಳನ್ನು ಬಚ್ಚಿಟ್ಟುಕೊಂಡಿದ್ದೀರೆಂದು ಒಂದು ಮಾತು ತಿಳಿಸಬಾರದಿತ್ತೇ? ವಾಸನೆ ಹೋಗಲೆಂದು ಇವಳು ದಿನವೂ ತಮಗೆ ನೀರು ಚಿಮುಕಿಸಿದಳು. ಅಕ್ಕ ಮತ್ತೆ ಬಂದವರು ಗತ್ತಿನಿಂದ ಕೂತು, ದಿಂಬು ಸರಿಸಿ, "ಇದೇನೇ, ಸೋಫಾ ಚಿಗುರಿದೆ!" ಎಂದು ನಗತೊಡಗಿದರು. ನನ್ನವಳ ಕಣ್ಣು ತುಂಬಿತು.

ತಮ್ಮನ್ನು ಸುಟ್ಟುಬಿಡಬೇಕೆಂದು ಬಹುದಿನದಿಂದ ಹೊಂಚುತ್ತಿದ್ದವನಿಗೆ ಅದಕ್ಕಿಂತ ಒಳ್ಳೆಯ ಗಳಿಗೆ ಇತ್ತೇ? ಆದರೆ ನಾಲಗೆ ನನ್ನ ಮಾತು ಕೇಳಲಿಲ್ಲ. "ಅತ್ತಿಗೆ, ಹುಷಾರು, ಎಳೆ ಪೈರು! ಬೇಕಂತಲೇ ಬೆಳೆಸಿದ್ದು. ಪೂರ್ತಿ ಇವಳದೇ ತಲೆ" ಎಂದುಬಿಟ್ಟೆ. ಅತ್ತಿಗೆ ತಟ್ಟನೆ ಎದ್ದು ನಿಂತರು, ಮೊಳಕೆಗಳನ್ನು ಬೆರಳ ತುದಿಯಿಂದ ಸವರಿ, "ಹೌದೇನೇ?" ಎಂದರು, ಈ ಸಲ ನಗದೆ. ನನ್ನವಳು ನನ್ನತ್ತ ನೋಡಿದ ನೋಟವನ್ನು ಅರ್ಜಿಯ ಭಾಷೆಯಲ್ಲಿ ಬರೆಯಲು ಬಾರದು. ಹೊರಡುವಾಗ ಅತ್ತಿಗೆಯ ಅಪ್ಪಣೆಯಾಯಿತು: "ನಮ್ಮನೆಗೂ ಇಂಥದ್ದೇ ಮಾಡಿಕೊಡಿ. ನಮ್ಮ ಸೋಫಾ ಇದಕ್ಕಿಂತ ದೊಡ್ಡದು."

ಆದಕಾರಣ ತಾವು ಒಂದೋ ರಾತ್ರಿ ಬೆಳಗಾಗುವುದರೊಳಗೆ ರೇಷ್ಮೆಯಾಗಬೇಕು, ಇಲ್ಲವೇ ತಮ್ಮನ್ನು ತಾವೇ ಹೊಲಿದುಕೊಳ್ಳಲು ಕಲಿಯಬೇಕು, ಅದೂ ಆಗದಿದ್ದರೆ ಅತ್ತಿಗೆಯ ಮನೆಯಲ್ಲಿ ದಯವಿಟ್ಟು ಸಮಯಕ್ಕೆ ಸರಿಯಾಗಿ ಚಿಗುರಬೇಕೆಂದು ಕೈಮುಗಿದು ಕೋರುವ,

ತಮ್ಮ ವಿಶ್ವಾಸಿ,
ಮೈಯೆಲ್ಲ ಕಡಿತದ ದರ್ಜಿ

ವಿ.ಸೂ.: ತಾವು ಹೆಚ್ಚು ಬೀಗುವುದು ಬೇಡ. ನಿನ್ನೆಯಿಂದ ಇವಳು ಲಾರಿಯ ಹಳೆಯ ಟೈರುಗಳ ವಿಡಿಯೋ ನೋಡುತ್ತಿದ್ದಾಳೆ.