ಒಂದು ಗುದ್ದಿಗೆ ಇಬ್ಬರು ತಪ್ಪಿತಸ್ಥರು

ಎದುರುಬದುರು ಮನೆಯವರಿಬ್ಬರೂ ಒಂದೇ ಗಳಿಗೆಯಲ್ಲಿ ಗಾಡಿ ಹಿಂದಕ್ಕೆ ಬಿಟ್ಟರೆ ಬೀದಿಯ ನಡುವೆ ಏನಾಗಬೇಕೋ ಅದೇ ಆಯಿತು. ಗೆರಿಟ್ ವೀರ್ಸ್ಮನ ಟ್ರಕ್ಕೂ ವಿಧವೆ ಹೆನ್ನಿ ಬೂರ್ಸ್ಮಳ ಕಾರೂ, ದಿಕ್ಕು ತಪ್ಪಿದ ಟಗರುಗಳ ಹಾಗೆ, ಹಿಂಬದಿಯಿಂದ ಗುದ್ದಿಕೊಂಡವು.

"ಅಯ್ಯೋ, ಸಾರಿ ಹೆನ್ನಿ, ನಂದೇ..." ಎನ್ನುತ್ತ ಗೆರಿಟ್ ಕೆಳಗಿಳಿಯುವಷ್ಟರಲ್ಲಿ ಪಕ್ಕದ ಮನೆಯ ಲೆರಾಯ್ ಓಡಿಬಂದು ಅವನ ಬಾಯಿಗೆ ಕೈ ಅಡ್ಡ ಇಟ್ಟು, ಒಂದು ಬದಿಗೆ ಎಳೆದೊಯ್ದ. ಕಾರ್ಖಾನೆಯಲ್ಲಿ ಕಾರಿನ ಬಾಗಿಲು ಜೋಡಿಸಿ ನಿವೃತ್ತನಾದ ಮೇಲೆ ಬೀದಿಯವರ ಬಾಗಿಲು ಕಾಯುವುದೇ ಅವನ ಉದ್ಯೋಗ.

"ಸಾರಿ ಗೀರಿ ಅನ್ಬೇಡ ಮಾರಾಯ! ಈ ಮಿಶಿಗನ್‌ನಲ್ಲಿ ಯಾರ ಗಾಡೀನ ಅವರವರ ವಿಮೆ ಕಂಪನಿನೇ ರಿಪೇರಿ ಮಾಡ್ಸತ್ತೆ, ಸರಿ. ಆದ್ರೂ ತಪ್ಪು ಯಾರ್ದು ಅಂತ ಕೇಳೇ ಕೇಳ್ತಾರೆ. ಅವಳದಾದ್ರೆ ನಿಂಗೆ ಬಿಡಿಗಾಸೂ ಖರ್ಚಿಲ್ಲ. ನಿಂದಾದ್ರೆ ಮೊದಲ ಸಾವಿರ ಡಾಲರ್ ನೀನೇ ಕಕ್ಬೇಕು. ಡಿಡಕ್ಟಿಬಲ್ ಅಂದ್ರೆ ಅದೇ."

ಸಾವಿರ ಡಾಲರು! ಶನಿವಾರ ತರಬೇಕಿದ್ದ ದೋಣಿಯ ಮೋಟಾರು ಗೆರಿಟ್‌ನ ಕಣ್ಣೆದುರೇ ಸರೋವರದಲ್ಲಿ ಮುಳುಗಿತು. ಹುಟ್ಟು ಹಾಕಿ ಹಾಕಿ ಅವನ ಭುಜಗಳು ಸೋತಿದ್ದವು.

"ಹಂಗಾದ್ರೆ ತಪ್ಪು ಹೆನ್ನಿದೇ," ಎಂದ, ಕಲ್ಲು ಮನಸ್ಸು ಮಾಡಿ.

"ಹಾಗೆ ಬಾ ದಾರಿಗೆ! ಪಾಪ, ಅವಳದು ಅಗ್ಗದ ಪಾಲಿಸಿ. ತಪ್ಪು ಅವಳದಾದ್ರೆ ಕಂಪನಿ ಏನೂ ಕೊಡಲ್ಲ. ಇರ್ಲಿ ಬಿಡು, ನಿಂಗ್ಯಾಕೆ?"

ಆ 'ಪಾಪ' ಎಂಬ ಮಾತು ಗೆರಿಟ್‌ನನ್ನು ಹಲ್ಲಿನ ಸಂದಿಯ ಮೀನಿನ ಮುಳ್ಳಿನಂತೆ ಕಾಡಿತು. ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತು ಕಿಟಕಿಯಲ್ಲಿ ಇಣುಕಿದರೆ ಹೆನ್ನಿ ಜೋತಾಡುವ ಬಂಪರಿಗೆ ಟೇಪು ಸುತ್ತುತ್ತಿದ್ದಳು. ಇವನನ್ನು ಕಂಡು ನಗುತ್ತ ಕೈಯನ್ನೂ ಬೀಸಿದಳು. ತಟ್ಟೆ ಬದಿಗೆ ಸರಿಸಿ ಎದ್ದ. ಸೀದಾ ತನ್ನ ವಿಮೆ ಏಜೆಂಟಳ ಬಳಿ ಹೋದ.

"ಪೂರ್ತಿ ತಪ್ಪು ನಂದೇ, ಬರ್ಕೊಳ್ಳಿ."

"ಪೂರ್ತಿನಾ? ಇನ್ನೊಂದ್ಸಲ ಯೋಚ್ನೆ ಮಾಡಿ ಸಾರ್."

"ಪೂರ್ತಿ ಅಂದ್ರೆ ಪೂರ್ತಿ!"

ಮೋಟಾರು ಹೋದರೂ ಎದೆ ಹಗುರಾಯಿತು. ಸಿಳ್ಳೆ ಹಾಕುತ್ತ ಮನೆಗೆ ಬಂದರೆ, ಮೆಟ್ಟಿಲ ಮೇಲೆ ಬಿಸಿ ಬ್ಲೂಬೆರಿ ಪೈ ಹಿಡಿದು ಹೆನ್ನಿ ಕೂತಿದ್ದಳು. ಪಕ್ಕದಲ್ಲಿ ಲೆರಾಯ್.

"ಗೆರಿಟ್, ನಿನ್ನ ಮೋಟಾರಿನ ವಿಷಯ ಲೆರಾಯ್ ಹೇಳ್ದ. ಕರುಳು ಚುರ್ ಅಂತು ಕಣೋ. ನಮ್ಮ ಕಂಪನಿಗೆ ಫೋನ್ ಮಾಡಿ, ಪೂರ್ತಿ ತಪ್ಪು ನಂದೇ ಅಂದ್ಬಿಟ್ಟೆ!"

ಗೆರಿಟ್ ಮೆಟ್ಟಿಲ ಮೇಲೆ ಕುಸಿದ. "ನಾನೂ ಹಂಗೇ ಹೇಳ್ಬಂದೆ, ಹೆನ್ನಿ."

ಅವನ ಕಂಪನಿ ಅವನನ್ನು ನಂಬಿತ್ತು, ಅವಳ ಕಂಪನಿ ಅವಳನ್ನು. ಅವನ ಸಾವಿರ ಡಾಲರೂ ಹೋಯಿತು, ಅವಳ ರಿಪೇರಿ ದುಡ್ಡೂ ಹೋಯಿತು. ಲೆರಾಯ್ ತಲೆ ಚಚ್ಚಿಕೊಂಡ. "ದಡ್ಡರಾ! ತಪ್ಪು ಅರ್ಧಕ್ಕಿಂತ ಜಾಸ್ತಿ ಆದ್ರೆ ಮಾತ್ರ ತೊಂದ್ರೆ. ಅರ್ಧರ್ಧ ಅಂದಿದ್ರೆ ಇಬ್ರಿಗೂ ಪೂರ್ತಿ ದುಡ್ಡು ಸಿಗ್ತಿತ್ತು!"

"ಬೆಳಿಗ್ಗೆನೇ ಬೊಗಳೋಕೇನಾಗಿತ್ತೋ?" ಎಂದ ಗೆರಿಟ್.

"ನೀವು ಜಗಳ ಆಡಿ, ನಾನು ನಡುವೆ ಬಂದು ರಾಜಿ ಮಾಡ್ಸೋಣ ಅಂತ ಕಾಯ್ತಿದ್ದೆ. ನೀವು ಜಗಳಾನೇ ಆಡ್ಲಿಲ್ವಲ್ಲ!"

ಗೆರಿಟ್ ಹೆನ್ನಿಯ ಮುಖ ನೋಡಿದ, ಹೆನ್ನಿ ಗೆರಿಟ್‌ನ ಮುಖ ನೋಡಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು ಹೆನ್ನಿ ಪೈಯನ್ನು ನಡುವೆ ಸರಿಯಾಗಿ ಕತ್ತರಿಸಿದಳು. ಲೆರಾಯ್ ಆಸೆಯಿಂದ ಕೈ ಚಾಚಿದ.

"ನಿಂಗೆಲ್ಲಿಂದ ತರ್ಲೋ?" ಎಂದಳು ಹೆನ್ನಿ. "ಅರ್ಧರ್ಧ ಅಂತ ನೀನೇ ಅಂದ್ಯಲ್ಲ."